ಒಂದು ದಿನಕ್ಕೆ ಒಂದೇ ದಿಕ್ಕು

ಮಳೆಗಾಲವು ಕಳೆದು ಆಕಾಶವು ತಿಳಿಯಾದೊಡನೆ ಮಂಗಳೂರಿನ ಮನೆಮನೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: “ಬರುವ ಆದಿತ್ಯವಾರ ಎಲ್ಲಿಗಾದರೂ ಹೋಗಿ ಬರೋಣ.” ನಾಲ್ಕು ತಿಂಗಳು ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನೇ ಕೇಳುತ್ತ ಕುಳಿತವರಿಗೆ ಈ ಆಸೆಯು ಹುಟ್ಟುವುದು ಸಹಜವೇ ಸರಿ. ಊರಿನ ಸನ್ನಿವೇಶವೂ ಅದಕ್ಕೆ ಒದಗಿಬಂದಿದೆ. ನೇತ್ರಾವತಿ, ಫಲ್ಗುಣಿ ಎಂಬ ಎರಡು ನದಿಗಳು ಕಡಲನ್ನು ಸೇರುವೆಡೆಯಲ್ಲಿರುವ ಈ ನಗರದಿಂದ ಉತ್ತರಕ್ಕೂ ದಕ್ಷಿಣಕ್ಕೂ ಕಡಲಂಚಿನ ಹೆದ್ದಾರಿ. ಪೂರ್ವಕ್ಕೆ ಒಂದೆರಡು ಗಂಟೆಗಳ ದಾರಿಯಲ್ಲಿ ಸಹ್ಯಾದ್ರಿ. ನಡುವೆ ದೇವಾಲಯಗಳು, ಬಸದಿಗಳು, ಕೋಟೆಗಳು, ಹೊಳೆಗಳು. ಆದರೆ ನೋಡತಕ್ಕ ಸ್ಥಳಗಳು ಹೆಚ್ಚಾದಷ್ಟೂ ಎಲ್ಲವನ್ನೂ ಒಮ್ಮೆಗೇ ನೋಡಿಬಿಡಬೇಕೆಂಬ ಆತುರವೂ ಹೆಚ್ಚುವುದು. ಆದುದರಿಂದ ಈ ತಿಂಗಳ ಪುಟವನ್ನು ಒಂದು ದಿನದ ಮತ್ತು ಎರಡು ದಿನಗಳ ಪ್ರಯಾಣದ ಏರ್ಪಾಡಿಗಾಗಿ ಮೀಸಲಿಟ್ಟಿದ್ದೇವೆ.

ದಾನವನ್ನು ಕುರಿತು ಹೇಳುವಾಗ ನಮ್ಮ ಪೂರ್ವಿಕರು ದೇಶ, ಕಾಲ, ಪಾತ್ರ ಎಂಬ ಮೂರನ್ನು ವಿಚಾರಿಸಬೇಕೆಂದರು. ಪ್ರಯಾಣಕ್ಕೂ ಈ ಮೂರೇ ಸಾಕು. ದೇಶವೆಂದರೆ ಹೋಗತಕ್ಕ ಸ್ಥಳ. ಕಾಲವೆಂದರೆ ಋತುವೂ ದಿನದ ವೇಳೆಯೂ. ಪಾತ್ರವೆಂದರೆ ಹೊರಡತಕ್ಕ ಜನ. ಸಾಮಾನ್ಯವಾಗಿ ಮೊದಲು ದೇಶವನ್ನು ಗೊತ್ತುಮಾಡಿ, ಆಮೇಲೆ ಕಾಲವನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ, ಕಟ್ಟಕಡೆಗೆ ಮನೆಯವರನ್ನು ವಾಹನದೊಳಕ್ಕೆ ತುಂಬುವುದು ರೂಢಿಯಾಗಿದೆ. ನಾವು ಸೂಚಿಸುವುದು ಇದರ ವಿಲೋಮಕ್ರಮ. ಮೊದಲು ಪಾತ್ರ, ಅನಂತರ ಕಾಲ, ಕಡೆಗೆ ದೇಶ. ಬಹುಕಾಲ ಮಕ್ಕಳಿಗೆ ವ್ಯಾಕರಣ ಹೇಳಿದ ನಮ್ಮ ಬಾಯಿಗೆ ಈ ಉಪಮಾನವೇ ಬರುವುದು: ಕರ್ತೃಪದವನ್ನು ಗುರುತಿಸದೆ ವಾಕ್ಯದ ಅನ್ವಯವಾಗದು, ಹೊರಡುವವರು ಯಾರೆಂಬುದನ್ನು ನೋಡದೆ ಪ್ರಯಾಣದ ಏರ್ಪಾಡೂ ಆಗದು.

ಈ ಪುಟದ ವಾಚಕಿಯೊಬ್ಬರು ಇತ್ತೀಚೆಗೆ ನಮಗೊಂದು ಪತ್ರವನ್ನು ಬರೆದಿದ್ದರು. ಅವರ ಯಜಮಾನರು ಒಂದೇ ದಿನಕ್ಕೆ ಹೂಡಿದ ಪ್ರಯಾಣದ ಕ್ರಮವು ಹೀಗಿತ್ತು: ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಧರ್ಮಸ್ಥಳ, ಅಲ್ಲಿಂದ ಹೊರನಾಡು, ಆಮೇಲೆ ಶೃಂಗೇರಿ, ಸಂಜೆಗೆ ಆಗುಂಬೆಯ ಸೂರ್ಯಾಸ್ತ, ರಾತ್ರಿಯ ಊಟ ಉಡುಪಿಯಲ್ಲಿ, ಮನೆಗೆ ಬರುವುದು ಯಾವಾಗಲೋ. ಹೊರಡುವವರು ಏಳು ಮಂದಿ. ಕಿರಿಯ ಮಗುವಿಗೆ ನಾಲ್ಕು ವರ್ಷ, ಅತ್ತೆಯವರಿಗೆ ಎಪ್ಪತ್ತೆಂಟು. ಈ ಕ್ರಮವನ್ನು ಕೇಳಿದ ಅತ್ತೆಯವರು, “ನೀವು ಹೋಗಿ ಬನ್ನಿ, ಮನೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ” ಎಂದರಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಕಂಡ ಶೃಂಗೇರಿಯನ್ನು ಮತ್ತೊಮ್ಮೆ ಕಾಣಬೇಕೆಂಬುದು ಅವರ ಬಹುದಿನದ ಬಯಕೆಯೆಂಬುದನ್ನು ಸೊಸೆಯು ಬಲ್ಲರು. “ಕರೆದುಕೊಂಡು ಹೋಗುವುದು ಹೇಗೆ, ಬಿಟ್ಟು ಹೋಗುವುದು ಹೇಗೆ?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಲಘುವಾಗಿ ಎಣಿಸಲಿಲ್ಲ. ಮನೆಯ ಹಿರಿಯರು ತಾವಾಗಿಯೇ ಹಿಂದೆ ಉಳಿಯುವುದು ಅನೇಕ ಮನೆಗಳಲ್ಲಿ ನಡೆಯುತ್ತಿದೆ. ತಮಗಾಗಿ ನಾಲ್ಕು ಸಲ ವಾಹನವನ್ನು ನಿಲ್ಲಿಸಬೇಕಾದೀತು, ತಮ್ಮಿಂದ ಉಳಿದವರಿಗೆ ತಡವಾದೀತು ಎಂಬ ಸಂಕೋಚವೇ ಅದಕ್ಕೆ ಕಾರಣ, ಇಷ್ಟವಿಲ್ಲದಿರುವುದು ಕಾರಣವಲ್ಲ. ಆ ದಿನದ ಲೆಕ್ಕವನ್ನಾದರೂ ನೋಡೋಣ. ಮೇಲಿನ ಸುತ್ತು ೩೫೦ ಕಿಲೋಮೀಟರಿಗೂ ಮಿಗಿಲು. ಅದರಲ್ಲಿ ಬಹುಭಾಗ ಘಟ್ಟದ ದಾರಿ. ಅಂಥಲ್ಲಿ ಗಂಟೆಗೆ ಸರಾಸರಿ ೩೫ ಕಿಲೋಮೀಟರು ಸಾಗಿದರೆ ಹೆಚ್ಚು. ಎಂದಮೇಲೆ ಹತ್ತು ಗಂಟೆಗಳ ಕಾಲ ಆಸನದಲ್ಲಿಯೇ ಕುಳಿತಿರಬೇಕಾಯಿತು. ಇದು ವೃದ್ಧರಿಗೆ ಮಾತ್ರವೇ ಕಷ್ಟವೆ? ನಾಲ್ಕು ವರ್ಷದ ಮಗುವಿಗೂ ಕಷ್ಟ. ವಾಹನ ನಡೆಸುವವನಿಗೆ ಅಪಾಯ. ದೋಷವು ಅತ್ತೆಯವರ ಮಂಡಿಗಳಲ್ಲಿಲ್ಲ, ಏರ್ಪಾಡಿನಲ್ಲಿದೆ.

ಆಕೆಗೆ ನಾವು ಬರೆದ ಉತ್ತರವು ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇವೆ. ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಡುವುದು. ಮೂಡುಬಿದಿರೆ, ಕಾರ್ಕಳ, ಬಜಗೋಳಿಗಳ ಮೇಲೆ ಮಾಳ ಘಟ್ಟವನ್ನೇರಿ, ಕೆರೆಕಟ್ಟೆಯ ಮಾರ್ಗವಾಗಿ ಶೃಂಗೇರಿಗೆ ಸುಮಾರು ೧೧೦ ಕಿಲೋಮೀಟರು. ಘಟ್ಟದ ಮೇಲಿನ ದಾರಿಯು ಕುದುರೆಮುಖ ರಾಷ್ಟ್ರೀಯೋದ್ಯಾನದೊಳಗಿನದಾದುದರಿಂದ ಅಲ್ಲಿ ಬೇಕಾದೆಡೆ ನಿಲ್ಲಿಸಿ ಕಾಡಿಗಿಳಿಯುವಂತಿಲ್ಲ; ಉಪಾಹಾರವನ್ನೂ ವಿಶ್ರಾಂತಿಯನ್ನೂ ಕೆಳಗೆ ಕಾರ್ಕಳದಲ್ಲಿಯೇ ಮುಗಿಸಿಕೊಳ್ಳತಕ್ಕದ್ದು. ಮಧ್ಯಾಹ್ನಕ್ಕೆ ಶೃಂಗೇರಿಯನ್ನು ಸೇರಿ, ಊಟಮಾಡಿ, ಮಲಗಿ, ಸಂಜೆ ತುಂಗೆಯ ದಡದಲ್ಲಿ ಮಕ್ಕಳಿಗೆ ಮೀನುಗಳನ್ನು ತೋರಿಸುವುದು. ಮರುದಿನ ಬೆಳಿಗ್ಗೆ ಶಾರದಾಂಬೆಯ ದರ್ಶನ. ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳ ಚಿಹ್ನೆಗಳುಳ್ಳ ಹನ್ನೆರಡು ಕಂಬಗಳಿವೆ. ಆಯಾ ಸೌರಮಾಸದಲ್ಲಿ ಆಯಾ ಕಂಬಕ್ಕೆ ಎಳೆಬಿಸಿಲು ಬೀಳುವುದೆಂದು ಪ್ರಸಿದ್ಧಿ. ಅಜ್ಜಿಯ ಪಕ್ಕದಲ್ಲಿ ಕುಳಿತು ಮಕ್ಕಳು ತಮ್ಮ ತಮ್ಮ ರಾಶಿಯ ಕಂಬವನ್ನು ಹುಡುಕಲಿ. ಆಮೇಲೆ ಆಗುಂಬೆ, ಅಲ್ಲಿಂದ ನಾಲ್ಕು ಗಂಟೆಯೊಳಗಾಗಿ ಘಟ್ಟವಿಳಿದು ಹೆಬ್ರಿಯ ಮೇಲೆ ಮನೆಗೆ. ಸೂರ್ಯಾಸ್ತವು ತಪ್ಪಿತೆಂದು ಯಜಮಾನರು ವ್ಯಸನಪಟ್ಟರೆ, ಅದೇ ಸೂರ್ಯನು ಪಣಂಬೂರಿನ ಕಡಲಲ್ಲಿಯೂ ದಿನವೂ ಮುಳುಗುತ್ತಾನೆಂದು ತಿಳಿಸುವುದು. ಆಗುಂಬೆಯ ಘಟ್ಟದಲ್ಲಿ ಹಿಂತಿರುವುಗಳು ಹದಿನಾಲ್ಕು. ಸೂರ್ಯಾಸ್ತವನ್ನು ನೋಡಿ ಹೊರಟವರು ಅವೆಲ್ಲವನ್ನೂ ಕತ್ತಲಲ್ಲಿ ಇಳಿಯಬೇಕಾಗುವುದು.

ಪಾತ್ರವಿಚಾರದಲ್ಲಿ ವೃದ್ಧರೂ ಮಕ್ಕಳೂ ಅಲ್ಲದೆ ಇನ್ನಿಬ್ಬರನ್ನು ನೆನೆಯಬೇಕಾಗಿದೆ. ಒಬ್ಬರು ಮನೆಯ ಗೃಹಿಣಿ. ಎಲ್ಲರೂ ಐದಕ್ಕೆ ಏಳುವರೆಂದರೆ ಆಕೆಯು ಮೂರಕ್ಕೆ ಎದ್ದು ಬುತ್ತಿ ಕಟ್ಟುವಳು. ಎಲ್ಲರೂ ಮರಳಿ ಹಾಸಿಗೆಗೆ ಬಿದ್ದ ಮೇಲೆ ಪಾತ್ರೆ ತೊಳೆದು ಮಲಗುವಳು. ಹೀಗಾದರೆ ಆಕೆಗೆ ದೊರೆತ ವಿಹಾರವಾದರೂ ಯಾವುದು? ಆದುದರಿಂದ ಬುತ್ತಿಯು ಹಿಂದಿನ ರಾತ್ರಿಯೇ ಮುಗಿಯತಕ್ಕಂಥದಾಗಿರಲಿ: ಬನ್ಸ್, ಒಗ್ಗರಣೆಯ ಅವಲಕ್ಕಿ, ಚಟ್ನಿಪುಡಿ, ಬಾಳೆಹಣ್ಣು, ಒಂದು ಸೀಸೆ ಪುನರ್ಪುಳಿಯ ಪಾನಕ. ತೆಂಗಿನಕಾಯಿ ಹಾಕಿದ ಹಸಿ ಚಟ್ನಿಯು ಕರಾವಳಿಯ ಸೆಕೆಗೆ ಬೇಗನೆ ಹಳಸುವುದಾದ್ದರಿಂದ ಅದನ್ನು ಒಯ್ಯಕೂಡದು. ಮಧ್ಯಾಹ್ನದ ಊಟವನ್ನು ಹೊರಗೆ ಮಾಡುವುದೇ ಒಳ್ಳಿತು. ಮರಳಿದ ರಾತ್ರಿ ಗಂಜಿಯೂ ಉಪ್ಪಿನಕಾಯಿಯೂ ಸಾಕು. ಅದನ್ನು ಬೇಯಿಸುವ ಭಾರವನ್ನು ಗಂಡಸರು ಹೊತ್ತರೆ ಪ್ರಯಾಣಕ್ಕೆ ಶೋಭೆಯೇ ಹೊರತು ಕುಂದಲ್ಲ.

ಇನ್ನೊಬ್ಬನು ಸಾರಥಿ. ಮನೆಯ ಮಗನೇ ಆಗಲಿ, ಬಾಡಿಗೆಯ ವಾಹನದ ಚಾಲಕನೇ ಆಗಲಿ, ಹಿಂದಿನ ರಾತ್ರಿ ಏಳು ಗಂಟೆಗಳ ಕಾಲ ನಿದ್ದೆ ಮಾಡದವನ ಕೈಗೆ ಚಕ್ರವನ್ನು ಕೊಡಕೂಡದು. ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಿಸತಕ್ಕದ್ದು. ಆಕಳಿಕೆಯು ಮೇಲಿಂದ ಮೇಲೆ ಬರುತ್ತಿದ್ದರೆ ಹಾಡು, ಮಾತು, ಚಹಾ ಇವುಗಳಿಂದ ನಿದ್ದೆಯು ತೊಲಗದು. ಸುರಕ್ಷಿತವಾದೆಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದೊಂದೇ ಉಪಾಯ. ಬಾಡಿಗೆಯ ಚಾಲಕನಿಗೆ ನಾವು ಉಣ್ಣುವ ವೇಳೆಗೇ ಊಟ, ನಾವು ತಂಗುವಲ್ಲಿಯೇ ಮಲಗಲು ಒಂದು ಸ್ಥಳ ಇವನ್ನು ಏರ್ಪಡಿಸುವುದು ಯಜಮಾನನ ಧರ್ಮ. ರಾತ್ರಿಯೆಲ್ಲ ವಾಹನದಲ್ಲಿ ಮುದುಡಿ ಮಲಗಿದವನು ಬೆಳಿಗ್ಗೆ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಘಟ್ಟವಿಳಿಯುವನೆಂಬುದನ್ನು ಮರೆಯಬಾರದು.

ಇನ್ನು ಕಾಲದ ವಿಚಾರ. ಫೋನು ದಾರಿಯನ್ನೂ ವೇಳೆಯನ್ನೂ ತೋರಿಸುವುದಷ್ಟೆ. ಅದು ಎಣಿಸುವುದು ಚಕ್ರಗಳು ಉರುಳುವ ವೇಳೆಯನ್ನು ಮಾತ್ರ. ಮಗುವಿನ ವಾಂತಿ, ಅಜ್ಜಿಯ ಮಾತ್ರೆ, ಬೊಂಡದ ಅಂಗಡಿ ಇವು ಅದರ ಲೆಕ್ಕಕ್ಕೆ ಬಾರವು. ಫೋನು ಎರಡು ಗಂಟೆಯೆಂದರೆ ಗೃಹಸ್ಥನು ಮೂರೆಂದು ತಿಳಿಯಲಿ. ಘಟ್ಟಗಳಲ್ಲಿ ಸಂಕೇತವು ಸಿಕ್ಕದ ಎಡೆಗಳಿರುವುದರಿಂದ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡು ಹೊರಡುವುದು ಕ್ಷೇಮ. ಅನೇಕ ದೇವಾಲಯಗಳು ಮಧ್ಯಾಹ್ನ ಬಾಗಿಲು ಮುಚ್ಚುವುವು. ಹನ್ನೊಂದರೊಳಗೆ ತಲಪದಿದ್ದರೆ ಬಿಸಿಲಿನಲ್ಲಿ ಕಾಯಬೇಕಾದೀತು. ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ಇಲ್ಲಿ ಸುಮಾರು ಆರು ಗಂಟೆಗೇ ಸೂರ್ಯಾಸ್ತವಾಗುವುದು. ದೀಪ ಹಚ್ಚುವ ಹೊತ್ತಿಗೆ ಘಟ್ಟದಿಂದ ಇಳಿದಿರಬೇಕೆಂಬುದು ನಮ್ಮ ನಿಯಮ.

ಋತುವಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಸಂಪಾಜೆಯ ಕಡೆಯ ಮಾರ್ಗವೇ ಕಡಿದುಹೋಯಿತು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟವು ಹಲವೆಡೆ ಜರಿದು ಸಂಚಾರವು ನಿಂತಿತು. ಶಿರಾಡಿಯಲ್ಲಿಯೂ ಮಳೆಗಾಲದ ಕುಸಿತಗಳು ಸಂಭವಿಸುತ್ತಲೇ ಇವೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ವರೆಗೆ ವಿಹಾರಕ್ಕಾಗಿ ಘಟ್ಟವನ್ನೇರದಿರುವುದೇ ವಿವೇಕ. ಹೋಗಲೇಬೇಕಾದರೆ ಹಿಂದಿನ ದಿನ ಜಿಲ್ಲಾಡಳಿತದ ಪ್ರಕಟನೆಯನ್ನು ನೋಡಿಯೇ ಹೊರಡತಕ್ಕದ್ದು.

ಪಾತ್ರವೂ ಕಾಲವೂ ಗೊತ್ತಾದ ಮೇಲೆ ದೇಶವು ತಾನಾಗಿಯೇ ಗೊತ್ತಾಗುವುದು. ಅರ್ಧ ದಿನವಷ್ಟೇ ಬಿಡುವುಳ್ಳವರಿಗೆ ಪಿಲಿಕುಳವಿದೆ. ಅಲ್ಲಿ ಮೃಗಾಲಯವೂ ೨೦೧೮ರಲ್ಲಿ ತೆರೆದ ತಾರಾಲಯವೂ ಮಕ್ಕಳನ್ನು ಮರುಳುಗೊಳಿಸುವುವು. ನಂದಿನೀ ನದಿಯ ನಡುವಿನ ಕಟೀಲು ಕ್ಷೇತ್ರವಿದೆ; ರಾಣಿ ಅಬ್ಬಕ್ಕನು ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲವಿದೆ.

ಇಡೀ ದಿನವಿದ್ದವರು ಒಂದು ದಿಕ್ಕನ್ನು ಆರಿಸಿಕೊಳ್ಳಲಿ. ಈಶಾನ್ಯಕ್ಕೆ ಹೊರಟರೆ ಸುಮಾರು ೩೫ ಕಿಲೋಮೀಟರಿನಲ್ಲಿ ಮೂಡುಬಿದಿರೆ. ೧೪೩೦ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯು ಅಲ್ಲಿಯೇ ಇರುವುದು. ಭರತೇಶ ವೈಭವವನ್ನು ರಚಿಸಿದ ರತ್ನಾಕರವರ್ಣಿಯ ಊರೂ ಅದೇ. ಅಲ್ಲಿಂದ ಮುಂದೆ ಬಾಹುಬಲಿಯ ದರ್ಶನವನ್ನು ಮಾಡಬೇಕೆಂದರೆ ಪಾತ್ರವಿಚಾರವು ಪುನಃ ಬರುವುದು. ೧೪೩೨ರಲ್ಲಿ ಪ್ರತಿಷ್ಠಿತವಾದ ಕಾರ್ಕಳದ ಮೂರ್ತಿಯು ೪೨ ಅಡಿ ಎತ್ತರವುಳ್ಳದ್ದು, ಬಂಡೆಯ ಬೆಟ್ಟದ ಮೇಲಿರುವುದು. ಕಾಲು ಗಟ್ಟಿಯಾಗಿರುವವರಿಗೆ ಅದು ಯೋಗ್ಯ. ೧೬೦೪ರ ವೇಣೂರಿನ ಮೂರ್ತಿಯು ೩೫ ಅಡಿಯದಾದರೂ ಫಲ್ಗುಣಿಯ ದಡಕ್ಕೆ ಸಮೀಪದಲ್ಲಿ ಸಮನೆಲದಲ್ಲಿ ನಿಂತಿರುವುದು. ಮಂಡಿನೋವಿನ ಹಿರಿಯರಿದ್ದರೆ ಅಲ್ಲಿಗೇ ಹೋಗುವುದು ಒಳ್ಳಿತು. ಏಳು ಅಡಿ ಕಡಮೆಯಾಯಿತೆಂದು ಭಕ್ತಿಗೆ ಕೊರತೆಯಿಲ್ಲ. ಪೂರ್ವದಲ್ಲಿ ಸುಮಾರು ೭೫ ಕಿಲೋಮೀಟರಿನ ಧರ್ಮಸ್ಥಳಕ್ಕೆ ಹೋದವರು ಅಲ್ಲಿ ೧೯೮೨ರಲ್ಲಿ ಪ್ರತಿಷ್ಠಾಪಿಸಿದ ೩೯ ಅಡಿಯ ಬಾಹುಬಲಿಯನ್ನೂ ಕಾಣಬಹುದು.

ಉತ್ತರಕ್ಕೆ ಉಡುಪಿಯು ಸುಮಾರು ೫೫ ಕಿಲೋಮೀಟರು. ಕೃಷ್ಣಮಠವನ್ನು ಬೆಳಿಗ್ಗೆ ನೋಡಿ ಮಲ್ಪೆಗೆ ಹೋದರೆ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಬಹುದು. ಅಲ್ಲಿಯ ಕಂಬದಂಥ ಶಿಲೆಗಳು, ಭರತಖಂಡದ ಭೂಭಾಗವೂ ಮಡಗಾಸ್ಕರವೂ ಒಂದನ್ನೊಂದು ಅಗಲಿದ ಕಾಲದಲ್ಲಿ, ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ, ಲಾವಾರಸವು ಆರಿ ಹೆಪ್ಪುಗಟ್ಟಿದುವೆಂದು ಭೂವಿಜ್ಞಾನಿಗಳು ಹೇಳುವರು. ಮಳೆಗಾಲದಲ್ಲಿ ಈ ದೋಣಿಗಳಿಲ್ಲ. ಬರುವಾಗ ಕಾಪುವಿನಲ್ಲಿ ೧೯೦೧ರ ದೀಪಸ್ತಂಭವು ದಾರಿಯಲ್ಲಿಯೇ ಸಿಕ್ಕುವುದು.

ದಕ್ಷಿಣಕ್ಕೆ ಸಾಗಿದರೆ ಮಂಜೇಶ್ವರ. ೧೯೪೯ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಬಿರುದನ್ನು ಪಡೆದ ಗೋವಿಂದ ಪೈಗಳ ಮನೆಯು ಅಲ್ಲಿದೆ. ೧೯೫೬ರ ನವೆಂಬರಿನಲ್ಲಿ ರಾಜ್ಯದ ಗಡಿಯು ಬದಲಾದರೂ ಅಲ್ಲಿಯ ಕನ್ನಡದ ಮಾತು ನಿಂತಿಲ್ಲ. ಇನ್ನೂ ಮುಂದೆ, ಮಂಗಳೂರಿನಿಂದ ಸುಮಾರು ೬೫ ಕಿಲೋಮೀಟರಿನಲ್ಲಿ, ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆನ್ನುವ ಬೇಕಲ ಕೋಟೆ. ಕೋಟೆಯೊಳಗೆ ನೆರಳು ಕಡಮೆ. ನಾಲ್ಕರ ಮೇಲೆ ಹೋಗುವುದು ಹಿತ. ಬಾಡಿಗೆಯ ವಾಹನವಾದರೆ ನೆರೆರಾಜ್ಯದ ಪರವಾನಗಿಯನ್ನು ಮೊದಲೇ ವಿಚಾರಿಸತಕ್ಕದ್ದು. ಸ್ವಂತ ವಾಹನವಿಲ್ಲದವರು ನಿರಾಶರಾಗಬೇಕಾದುದಿಲ್ಲ. ಮೂಡುಬಿದಿರೆ, ಕಾರ್ಕಳ, ಉಡುಪಿಗಳಿಗೆ ಬಸ್ಸುಗಳು ಮೇಲಿಂದ ಮೇಲೆ ಹೊರಡುವುವು.

ಎರಡು ದಿನಗಳಿದ್ದರೆ ಶೃಂಗೇರಿಯಲ್ಲದೆ ಮತ್ತೆರಡು ದಾರಿಗಳಿವೆ. ಪುತ್ತೂರು, ಸುಳ್ಯ, ಸಂಪಾಜೆಗಳ ಮೇಲೆ ಮಡಿಕೇರಿಯು ಸುಮಾರು ೧೪೦ ಕಿಲೋಮೀಟರು. ಚಾರ್ಮಾಡಿಯ ಮೇಲೆ ಮೂಡಿಗೆರೆಯನ್ನು ದಾಟಿ ಹೋದರೆ ಬೇಲೂರು. ೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯೂ ಹಳೇಬೀಡೂ ಸೋಮನಾಥಪುರದೊಡನೆ ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇವೆರಡನ್ನು ಒಂದೇ ಸುತ್ತಿನಲ್ಲಿ ಹೆಣೆಯುವ ಆಸೆಯನ್ನು ಬಿಡಬೇಕು.

ವಾಹನವನ್ನು ಕುರಿತು ಎರಡು ಮಾತು. ಟಯರು, ಬ್ರೇಕು, ದೀಪ, ಒರಸುಕಡ್ಡಿ ಇವನ್ನು ಹಿಂದಿನ ದಿನವೇ ಪರೀಕ್ಷಿಸುವುದು. ಘಟ್ಟವಿಳಿಯುವಾಗ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕನ್ನು ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುವುದು. ಕಿರಿದಾದ ಎಡೆಯಲ್ಲಿ ಏರುವ ವಾಹನಕ್ಕೆ ದಾರಿ ಬಿಡುವುದು ಶಿಷ್ಟಾಚಾರವೂ ಹೌದು, ನಿಯಮವೂ ಹೌದು. ಸೊಂಟಪಟ್ಟಿಯನ್ನು ಹಿಂದೆ ಕುಳಿತವರೂ ಕಟ್ಟಿಕೊಳ್ಳತಕ್ಕದ್ದು. ಮಗುವನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕೂರಿಸುವುದು ಪ್ರೀತಿಯಂತೆ ಕಂಡರೂ ಡಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಅದನ್ನು ಹಿಡಿದಿಡುವ ಬಲವಿರದು. ೨೦೧೯ರ ತಿದ್ದುಪಡಿಯಾದ ಕಾನೂನಿನಂತೆ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಟ್ಟಿಯೋ ಮಕ್ಕಳ ಆಸನವೋ ಇರಲೇಬೇಕು. ತಿರುವುಗಳಲ್ಲಿ ತಲೆಸುತ್ತು ಬರುವವರು ಹೊಟ್ಟೆಯನ್ನು ಬಿರಿಯುವಂತೆ ತುಂಬಬಾರದು, ಬರಿದಾಗಿಯೂ ಇಡಬಾರದು. ಫೋನನ್ನು ನೋಡದೆ ದೂರದ ಬೆಟ್ಟವನ್ನು ನೋಡುತ್ತ ಕುಳಿತರೆ ವಾಸಿ. ಒಂದು ಚೂರು ಶುಂಠಿಯು ಬಾಯಲ್ಲಿರಲಿ.

ಕಡಲಿನ ಮಾತನ್ನು ಕಡೆಗೆ ಇಟ್ಟುದು ಅದು ಮರೆಯದಿರಲೆಂದು. ಶಾಂತವಾಗಿ ಕಾಣುವ ನೀರಿನಲ್ಲಿಯೇ ಸೆಳೆತವಿರುವುದುಂಟು: ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಓಣಿಯಂತೆ ಒಟ್ಟಾಗಿ ಹಿಂದಕ್ಕೆ ಹರಿಯುವಾಗ ಒಳ್ಳೆಯ ಈಜುಗಾರನನ್ನೂ ಎಳೆದೊಯ್ಯುವುದು. ಅದರಲ್ಲಿ ಸಿಕ್ಕಿದವನು ದಡದ ಕಡೆಗೆ ಹೋರಾಡಿ ದಣಿಯದೆ, ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ದಡದಲ್ಲಿರುವವರು ತಾವೂ ಹಾರದೆ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು ರಕ್ಷಕರನ್ನು ಕೂಗತಕ್ಕದ್ದು. ರಕ್ಷಕರು ಬೇಡವೆಂದ ಕಡೆ ಕಾಲಿಡಬಾರದೆಂದು ಹರೆಯದ ಮಕ್ಕಳಿಗೆ ಮನೆಯಲ್ಲಿಯೇ ಹೇಳಿ ಹೊರಡಿಸುವುದು ಹಿರಿಯರ ಕರ್ತವ್ಯ.

ಹೊರಡುವ ಹಿಂದಿನ ರಾತ್ರಿ ಒಂದು ಕಾಗದದಲ್ಲಿ ಹಿರಿಯರ ಔಷಧಗಳ ಹೆಸರು, ಮನೆಯ ವೈದ್ಯರ ಸಂಖ್ಯೆ, ತುರ್ತಿಗೆ ೧೧೨, ಆಂಬುಲೆನ್ಸಿಗೆ ೧೦೮ ಎಂದು ಬರೆದು ಕೈಚೀಲದಲ್ಲಿಡುವುದು. ಫೋನಿನ ಜೀವವು ಆರಿದರೂ ಕಾಗದವು ಉಳಿಯುವುದು. ಕಸಕ್ಕೊಂದು ಚೀಲವನ್ನೂ ಒಯ್ದು, ತುಂಬಿದ್ದನ್ನು ಮನೆಗೇ ಮರಳಿ ತರತಕ್ಕದ್ದು.

ಇವೆಲ್ಲಕ್ಕೂ ಮೊದಲು, ಮನೆಯಲ್ಲಿ ಎಲ್ಲರಿಗಿಂತ ಕಡಮೆ ಮಾತಾಡುವವರನ್ನು ಕರೆದು, “ನಿಮಗೆ ಎಲ್ಲಿಗೆ ಹೋಗಬೇಕೆಂದಿದೆ?” ಎಂದು ಕೇಳಿರಿ. ಉತ್ತರವು ಒಡನೆಯೇ ಬಾರದಿರಬಹುದು. ಒಂದೆರಡು ದಿನ ಕಾಯಿರಿ. ಆ ಊರನ್ನೇ ದಿಕ್ಕಾಗಿ ಹಿಡಿದು, ದಾರಿಯಲ್ಲಿ ಸಿಕ್ಕುವ ಮತ್ತೊಂದನ್ನು ಮಾತ್ರ ಅದಕ್ಕೆ ಸೇರಿಸಿ, ಸಂಜೆ ಏಳಕ್ಕೆ ಮನೆಯ ದೀಪ ಹಚ್ಚುವಂತೆ ಮರಳಿರಿ. ನೋಡದೆ ಉಳಿದ ಊರುಗಳು ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಆದಿತ್ಯವಾರಗಳು ಇವೆ. ನಮ್ಮ ವಾಚಕರೆಲ್ಲರ ಪ್ರಯಾಣಗಳು ನಿರ್ವಿಘ್ನವಾಗಿ ನೆರವೇರಲೆಂದು ಹಾರೈಸುತ್ತೇವೆ.